ಮೂವತ್ತು ಅರ್ಜಿ ಹಾಕಿದರೂ ಒಂದು ಫೋನ್ ಬಂದಿಲ್ಲ: ರೆಸ್ಯೂಮೆ ಬಗ್ಗೆ ಕೇರಳದ ಗಡಿನಾಡು ಕಾಸರಗೋಡಿನವರ ಪ್ರಶ್ನೆಗಳು

ಪ್ರಶ್ನೆ (ಪೆರ್ಲದಿಂದ): ನಮಸ್ತೆ ಅಕ್ಕ. ಬಿಕಾಂ ಮುಗಿದು ಎರಡು ವರ್ಷ ಆಯಿತು. ಮಂಗಳೂರಿನ ಕಂಪನಿಗಳಿಗೆ ಅಕೌಂಟ್ಸ್ ಕೆಲಸಕ್ಕೆ ಆನ್‌ಲೈನ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಅರ್ಜಿ ಹಾಕಿದ್ದೇನೆ. ಒಂದು ಕಡೆಯಿಂದಲೂ ಫೋನ್ ಬಂದಿಲ್ಲ. ರೆಸ್ಯೂಮೆ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದು. ಎಡಗಡೆ ನೀಲಿ ಪಟ್ಟಿ, ಅದರಲ್ಲಿ ಫೋಟೊ, ಸ್ಕಿಲ್‌ಗಳ ಮುಂದೆ ನಕ್ಷತ್ರಗಳು. ನೋಡಲು ಚಂದ ಇದೆ. ನಾನು ಕಲಿತದ್ದು ಕನ್ನಡ ಮೀಡಿಯಂನಲ್ಲಿ, ಅದಕ್ಕೇ ಹೀಗಾಗುತ್ತಿದೆಯಾ?

ಉತ್ತರ: ಇಲ್ಲ ತಂಗಿ, ಮೀಡಿಯಂಗೂ ಇದಕ್ಕೂ ಸಂಬಂಧ ಇಲ್ಲ. ಆ ಯೋಚನೆಯನ್ನು ಮೊದಲು ಬಿಡು. ನಾನೂ ಮಂಜೇಶ್ವರದ ಕನ್ನಡ ಶಾಲೆಯಲ್ಲೇ ಓದಿದವಳು. ಹನ್ನೊಂದು ವರ್ಷದಿಂದ ಮಂಗಳೂರಿನಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಕೆಲಸ ಮಾಡುತ್ತಿದ್ದೇನೆ.

ಆನ್‌ಲೈನ್‌ನಲ್ಲಿ ಹಾಕಿದ ರೆಸ್ಯೂಮೆಯನ್ನು ಹೆಚ್ಚಿನ ಕಡೆ ಮೊದಲು ಓದುವುದು ಒಂದು ಸಾಫ್ಟ್‌ವೇರ್. ಅದಕ್ಕೆ ಎಟಿಎಸ್ (ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್) ಅನ್ನುತ್ತಾರೆ. ಅದು ನಿನ್ನ ಪುಟದಿಂದ ಅಕ್ಷರಗಳನ್ನಷ್ಟೇ ಹೆಕ್ಕಿ, ಹೆಸರು, ಫೋನ್, ಓದು, ಅನುಭವ ಅಂತ ಬೇರೆ ಬೇರೆ ಖಾನೆಗೆ ಹಾಕುತ್ತದೆ. ಆಮೇಲೆ ನನ್ನಂಥವರು ಅದರಲ್ಲಿ "ಟ್ಯಾಲಿ" (ಲೆಕ್ಕಪತ್ರದ ಸಾಫ್ಟ್‌ವೇರ್) ಅಂತಲೋ "ಜಿಎಸ್‌ಟಿ" ಅಂತಲೋ ಹುಡುಕುತ್ತೇವೆ. ಆ ಪದ ಸಿಕ್ಕಿದ ರೆಸ್ಯೂಮೆಗಳು ಮೇಲೆ ಬರುತ್ತವೆ. ಯಂತ್ರವೇ ಎಲ್ಲರನ್ನೂ ತಿರಸ್ಕರಿಸಿಬಿಡುತ್ತದೆ ಅಂತ ಹೆದರಿಸುವವರಿದ್ದಾರೆ, ಅದು ಪೂರ್ತಿ ನಿಜ ಅಲ್ಲ. ಆದರೆ ಅಕ್ಷರ ಸರಿಯಾಗಿ ಸಿಗದಿದ್ದರೆ ನಮ್ಮ ಕಣ್ಣಿಗೆ ನೀನು ಬೀಳುವುದೇ ಇಲ್ಲ.

ನೀಲಿ ಪಟ್ಟಿ ಇರುವ ಎರಡು ಕಾಲಂ ರೆಸ್ಯೂಮೆಯಲ್ಲಿ ಕಷ್ಟ ಇರುವುದು ಇಲ್ಲೇ. ಕೆಲವು ಸಾಫ್ಟ್‌ವೇರ್ ಎಡದಿಂದ ಬಲಕ್ಕೆ ಸಾಲು ಸಾಲಾಗಿ ಓದಿ ಎರಡೂ ಕಾಲಂ ಕಲಸಿಬಿಡುತ್ತದೆ. ನಿನ್ನ ಕಾಲೇಜಿನ ಹೆಸರಿನ ನಡುವೆ ಫೋನ್ ನಂಬರ್ ಬಂದು ಕೂರುತ್ತದೆ. ನಕ್ಷತ್ರ ಅದಕ್ಕೆ ಅರ್ಥವೇ ಆಗುವುದಿಲ್ಲ. ನನಗೂ ಆಗುವುದಿಲ್ಲ, ನಿಜ ಹೇಳಬೇಕೆಂದರೆ. ಎಕ್ಸೆಲ್‌ನಲ್ಲಿ ನಾಲ್ಕು ನಕ್ಷತ್ರ ಅಂದರೆ ಏನು? "ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್, ವಿ-ಲುಕಪ್ ಮಾಡಬಲ್ಲೆ" ಅಂತ ಬರೆದರೆ ತಕ್ಷಣ ತಿಳಿಯುತ್ತದೆ.

ಈಗಲೇ ಒಂದು ಪರೀಕ್ಷೆ ಮಾಡು. ನಿನ್ನ ಪಿಡಿಎಫ್ ತೆರೆದು, ಅಕ್ಷರಗಳನ್ನೆಲ್ಲ ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡು. ಸಾಫ್ಟ್‌ವೇರ್‌ಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಕಾಪಿ ಮಾಡಲು ಅಕ್ಷರವೇ ಹಿಡಿಯಲು ಸಿಗದಿದ್ದರೆ ನಿನ್ನ ಕೈಯಲ್ಲಿರುವುದು ಬರೀ ಒಂದು ಫೋಟೊ. ಪ್ರಿಂಟ್ ತೆಗೆದು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಕಳಿಸುವವರಿಗೆ ಆಗುವುದು ಹಾಗೆಯೇ.

ಹೊಸದಾಗಿ ಮಾಡಲು ಅಂಗಡಿಗೆ ಹೋಗಬೇಕಾಗಿಲ್ಲ. ಫೋನ್‌ನಲ್ಲಿ ಗೂಗಲ್ ಡಾಕ್ಸ್ ಸಾಕು. ಒಂದೇ ಕಾಲಂ. ಏರಿಯಲ್ ಅಥವಾ ಕ್ಯಾಲಿಬ್ರಿ ಫಾಂಟ್, ಗಾತ್ರ 11. ತಲೆಬರಹಗಳು ಎಲ್ಲರೂ ಬಳಸುವಂಥವೇ ಇರಲಿ: ಎಜುಕೇಶನ್, ಎಕ್ಸ್‌ಪೀರಿಯೆನ್ಸ್, ಸ್ಕಿಲ್ಸ್. ಹೊಸತನ ತೋರಿಸಲು "ನನ್ನ ಪಯಣ" ಅಂತೆಲ್ಲ ಬರೆದರೆ ಯಾವ ಖಾನೆಗೆ ಹಾಕುವುದೆಂದು ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ತಾರೀಕನ್ನು 04/05/2023 ಅಂತ ಬರೆಯಬೇಡ, ಏಪ್ರಿಲೋ ಮೇಯೋ ತಿಳಿಯುವುದಿಲ್ಲ. ತಿಂಗಳ ಹೆಸರು ಬರೆ. ಮುಗಿದ ಮೇಲೆ ಪಿಡಿಎಫ್ ಆಗಿ ಉಳಿಸು. ಕಂಪನಿಯವರು ವರ್ಡ್ ಫೈಲ್ ಕೇಳಿದ್ದರೆ ಮಾತ್ರ ವರ್ಡ್.

ತಂದೆಯ ಹೆಸರು, ಜಾತಿ, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಕೊನೆಯಲ್ಲಿ "ಮೇಲೆ ಹೇಳಿದ್ದೆಲ್ಲ ಸತ್ಯ" ಅನ್ನುವ ಘೋಷಣೆ, ಇದೆಲ್ಲ ತೆಗೆದುಹಾಕು. ಆಧಾರ್ ನಂಬರ್ ಅಂತೂ ಯಾವತ್ತೂ ಹಾಕಬೇಡ.

ಮತ್ತೆ ಒಂದು ಮಾತು. ಎರಡು ವರ್ಷ ಖಾಲಿ ಕಾಣುತ್ತಿದೆ. ಏನು ಮಾಡುತ್ತಿದ್ದೆ?

ಪ್ರಶ್ನೆ ಕೇಳಿದವರು: ಏನೂ ಇಲ್ಲ ಅಕ್ಕ. ಮಾವನ ಅಡಿಕೆ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಟ್ಯಾಲಿಯಲ್ಲಿ ಬಿಲ್ ಹಾಕುವುದು, ತಿಂಗಳಿಗೊಮ್ಮೆ ಜಿಎಸ್‌ಟಿ ಲೆಕ್ಕ ತೆಗೆದು ಆಡಿಟರ್‌ಗೆ ಕೊಡುವುದು. ಅದು ಕೆಲಸ ಅಂತ ಹೇಳೋಕಾಗಲ್ಲ ಅಲ್ವಾ?

ಉತ್ತರ: ಅಯ್ಯೋ, ಅದೇ ಕೆಲಸ! ಇದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ನೀನು ಅರ್ಜಿ ಹಾಕಿದ ಕಂಪನಿಗಳು ಹುಡುಕುತ್ತಿರುವುದು ಇದನ್ನೇ, ನೀನು ಇದನ್ನೇ ಬಿಟ್ಟು ನೀಲಿ ಪಟ್ಟಿ ಹಾಕಿಸಿದ್ದೀಯ.

ಎಕ್ಸ್‌ಪೀರಿಯೆನ್ಸ್ ಅಂತ ಬರೆದು ಹೀಗೆ ಹಾಕು: ಅಕೌಂಟ್ಸ್ ಅಸಿಸ್ಟೆಂಟ್, ಅಡಿಕೆ ವ್ಯಾಪಾರ, ಪೆರ್ಲ, ಇಂಥ ತಿಂಗಳಿನಿಂದ ಇಲ್ಲಿಯವರೆಗೆ. ಅದರ ಕೆಳಗೆ ಮೂರು ನಾಲ್ಕು ಸಾಲು. ಟ್ಯಾಲಿ ಪ್ರೈಮ್‌ನಲ್ಲಿ ದಿನಕ್ಕೆ ಎಷ್ಟು ಬಿಲ್ ಹಾಕುತ್ತೀಯ, ಎಷ್ಟು ಕೃಷಿಕರ ಖಾತೆ ನೋಡುತ್ತೀಯ, ಜಿಎಸ್‌ಟಿಆರ್-1 ಮತ್ತು ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳಿಗೆ ಲೆಕ್ಕ ತಯಾರಿಸುತ್ತೀಯಾ, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ಹಾಕುತ್ತೀಯಾ. ಲೆಕ್ಕ ಹಾಕಿ ನಿಜವಾದ ಅಂಕಿ ಬರೆ, ಉಬ್ಬಿಸಬೇಡ. ಸಂದರ್ಶನದಲ್ಲಿ ನಾವು ಮೊದಲು ಕೇಳುವುದು ಅದನ್ನೇ. ಅಂಗಡಿ ಮಾವನದ್ದು ಅಂತ ಬರೆಯಬೇಕಾಗಿಲ್ಲ. ಕೇಳಿದರೆ ಮುಚ್ಚಿಡಬೇಡ.

ಇನ್ನೊಂದು. ಜಾಹೀರಾತಿನಲ್ಲಿ ಅವರು ಯಾವ ಪದ ಬಳಸಿದ್ದಾರೋ ಅದನ್ನೇ ನೀನೂ ಬಳಸು, ಆ ಕೆಲಸ ನಿನಗೆ ಗೊತ್ತಿದ್ದರೆ ಮಾತ್ರ. ಬಿಳಿ ಅಕ್ಷರದಲ್ಲಿ ಪದಗಳನ್ನು ಅಡಗಿಸಿಡುವ ಉಪಾಯ ಕೆಲವು ವಿಡಿಯೋಗಳಲ್ಲಿ ಹೇಳುತ್ತಾರೆ. ಬೇಡ. ಸಾಫ್ಟ್‌ವೇರ್ ಅಕ್ಷರ ಹೆಕ್ಕಿದಾಗ ಅದೆಲ್ಲ ನಮಗೆ ಕಾಣುತ್ತದೆ.

ಪ್ರಶ್ನೆ (ಕುಂಬಳೆಯಿಂದ): ಅಕ್ಕ, ಭಾಷೆಗಳನ್ನು ಎಲ್ಲಿ ಬರೆಯಬೇಕು? ನನಗೆ ಕನ್ನಡ, ಮಲಯಾಳ, ತುಳು, ಹಿಂದಿ ಬರುತ್ತದೆ. ಇಂಗ್ಲಿಷ್ ಸುಮಾರು. ಗೆಳೆಯರು ಇಂಗ್ಲಿಷ್ ಒಂದನ್ನೇ ಬರಿ, ಉಳಿದದ್ದು ಹಳ್ಳಿಯವರ ಹಾಗೆ ಕಾಣುತ್ತದೆ ಅನ್ನುತ್ತಾರೆ.

ಉತ್ತರ: ಗೆಳೆಯರ ಮಾತು ಕೇಳಬೇಡ ತಮ್ಮ. ನಮ್ಮ ಕಾಸರಗೋಡಿಗೆ ಸಪ್ತಭಾಷಾ ಸಂಗಮ ಭೂಮಿ ಅಂತ ಹೆಸರಿದೆ, ಭಾಷಣಗಳಲ್ಲಿ ಎಲ್ಲರೂ ಹೇಳುತ್ತಾರೆ. ರೆಸ್ಯೂಮೆ ಬರೆಯುವಾಗ ಮಾತ್ರ ನಮ್ಮ ಮಕ್ಕಳು ಅದನ್ನು ಅಡಗಿಸುತ್ತಾರೆ. ಮಂಗಳೂರಿನ ಆಸ್ಪತ್ರೆಗಳಿಗೆ ಕೇರಳದಿಂದ ಎಷ್ಟು ಜನ ಬರುತ್ತಾರೆ ನೋಡು. ಆ ಕೌಂಟರಿನಲ್ಲಿ ಮಲಯಾಳದಲ್ಲಿ ಮಾತಾಡಿ ಕನ್ನಡದಲ್ಲಿ ಬರೆದುಕೊಳ್ಳುವವನು ಸಿಕ್ಕರೆ ಅವರಿಗೆ ಎಷ್ಟು ಉಪಯೋಗ! ಬ್ಯಾಂಕ್, ಕಾಲ್ ಸೆಂಟರ್, ಸಾಗಾಟದ ಕಂಪನಿಗಳಿಗೂ ಅಷ್ಟೇ.

ಕೊನೆಯಲ್ಲಿ ಬೇಡ, ಮೇಲಿನ ಎರಡು ಸಾಲಿನ ಪರಿಚಯದಲ್ಲೇ ಹಾಕು. ಕೆಳಗೆ ಮತ್ತೆ ವಿವರವಾಗಿ ಬರೆ: ಕನ್ನಡ ಓದು, ಬರಹ, ಮಾತು. ಮಲಯಾಳ ಮಾತು ಮತ್ತು ಓದು. ತುಳು ಮಾತು. ಬರೆಯಲು ಬಾರದಿದ್ದರೆ ಬರುತ್ತದೆ ಅನ್ನಬೇಡ. ಕನ್ನಡ ಟೈಪಿಂಗ್ ಗೊತ್ತಿದ್ದರೆ ಅದನ್ನೂ ಸೇರಿಸು.

ಪ್ರಶ್ನೆ (ಬದಿಯಡ್ಕದಿಂದ): ನಾನು ಅನುವಾದದ ಕೆಲಸಕ್ಕೆ ಕನ್ನಡದಲ್ಲಿ ಮಾದರಿ ಬರಹ ಕಳಿಸಿದ್ದೆ. ಅವರು "ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತಿದೆ" ಅಂತ ಉತ್ತರ ಹಾಕಿದ್ದಾರೆ ಮೇಡಂ.

ಉತ್ತರ: ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ ಅಂತ ಕಾಣುತ್ತದೆ. ಆ ಫಾಂಟ್‌ಗಳಲ್ಲಿ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ಮೇಲಿನ ರೂಪ ಮಾತ್ರ ಕನ್ನಡ. ಎದುರಿನವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಹಾಗೆ ಕಾಣುತ್ತದೆ. ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್‌ಗೆ ಬದಲಾಯಿಸಿ, ಅದಕ್ಕೆ ಪರಿವರ್ತಕಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ. ಯೂನಿಕೋಡ್ ಕನ್ನಡ ಕೂಡ ಪಿಡಿಎಫ್‌ನಿಂದ ಕಾಪಿ ಮಾಡುವಾಗ ಕೆಲವು ಸಲ ಒಡೆಯುತ್ತದೆ. ಹಾಗಾಗಿ ಕನ್ನಡ ಮಾದರಿಯನ್ನು ಪಿಡಿಎಫ್ ಜತೆ ವರ್ಡ್ ಫೈಲಾಗಿಯೂ ಕಳಿಸಿ.

ಪ್ರಶ್ನೆ (ಉಪ್ಪಳದಿಂದ): ಫಾರ್ಮ್‌ನಲ್ಲಿ ಎಸ್‌ಎಸ್‌ಎಲ್‌ಸಿಗೆ ಪರ್ಸೆಂಟ್ ಕೇಳುತ್ತದೆ. ನಮ್ಮದರಲ್ಲಿ ಗ್ರೇಡ್ ಮಾತ್ರ ಇದೆ. ಪಿಯುಸಿ ಅಂತಲೂ ಇದೆ, ನಾವು ಓದಿದ್ದು ಪ್ಲಸ್ ಟು.

ಉತ್ತರ: ಪ್ಲಸ್ ಟು ಮತ್ತು ದ್ವಿತೀಯ ಪಿಯುಸಿ ಎರಡೂ ಹನ್ನೆರಡನೇ ತರಗತಿಯೇ. ಫಾರ್ಮ್‌ನಲ್ಲಿ ಪಿಯುಸಿ ಅಥವಾ ಟ್ವೆಲ್ತ್ ಅನ್ನುವುದನ್ನು ಆರಿಸಿ, ಬೋರ್ಡ್ ಕೇಳಿದಲ್ಲಿ ಕೇರಳ ಹೈಯರ್ ಸೆಕೆಂಡರಿ ಅಂತ ಹಾಕಿ. ರೆಸ್ಯೂಮೆಯಲ್ಲಿ "ಪ್ಲಸ್ ಟು (12ನೇ ತರಗತಿ)" ಅಂತ ಬರೆದರೆ ಗೊಂದಲ ಇರುವುದಿಲ್ಲ. ಗ್ರೇಡ್ ಅನ್ನುವ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ನೀವೇ ಒಂದು ಪರ್ಸೆಂಟ್ ಊಹಿಸಿ ತುಂಬಬೇಡಿ, ದಾಖಲೆ ನೋಡುವಾಗ ತಾಳೆ ಆಗುವುದಿಲ್ಲ. ಕಂಪನಿಗೆ ಎರಡು ಸಾಲಿನ ಮೇಲ್ ಹಾಕಿ ಕೇಳಿ. ಹೆಸರನ್ನೂ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇದ್ದ ಹಾಗೆಯೇ ಬರೆಯಿರಿ, ಇನಿಷಿಯಲ್ ಸಮೇತ. ಸರ್ಕಾರಿ ಕೆಲಸಕ್ಕೆ ಜನ ಆರಿಸುವ ಕೇರಳ ಪಿಎಸ್‌ಸಿಯ ಅರ್ಜಿಗೆ ರೆಸ್ಯೂಮೆಯೇ ಬೇಡ, ಅವರ ವೆಬ್‌ಸೈಟಿನ ತುಳಸಿ ಪ್ರೊಫೈಲ್ ಸಾಕು.

ಪ್ರಶ್ನೆ (ಹೊಸಂಗಡಿಯಿಂದ): ವಿಳಾಸದಲ್ಲಿ ಕೇರಳ ಅಂತ ನೋಡಿ ದೂರ ಅಂತ ಬಿಟ್ಟುಬಿಡುತ್ತಾರಾ?

ಉತ್ತರ: ಬೆಂಗಳೂರಿನಲ್ಲಿ ಕೂತು ಮಂಗಳೂರಿಗೆ ಜನ ಆರಿಸುವವರಿಗೆ ಹೊಸಂಗಡಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಹಾಗಾಗಿ ಮನೆಯ ಪೂರ್ತಿ ವಿಳಾಸ ಬೇಡ. "ಮಂಜೇಶ್ವರ, ಮಂಗಳೂರಿಗೆ ದಿನಾ ಬಂದು ಹೋಗಬಲ್ಲೆ" ಅಂತ ಒಂದು ಸಾಲು ಹಾಕಿ, ಸಾಕು. ಗಡಿಯ ತಲಪಾಡಿ ದಾಟಿ ದಿನಾ ಬರುವವರು ನಮ್ಮ ಆಫೀಸಿನಲ್ಲೇ ಇದ್ದಾರೆ.

ಪೆರ್ಲದವರು: ಅಕ್ಕ, ನೀವು ಹೇಳಿದ ಹಾಗೆ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡಿದೆ. ಹೆಸರು ಬಂದಿದೆ, ಕಾಲೇಜು ಬಂದಿದೆ. ಫೋನ್ ನಂಬರೂ ಮೇಲ್ ಐಡಿಯೂ ಎಲ್ಲೂ ಇಲ್ಲ!

ಉತ್ತರ: ಅವುಗಳನ್ನು ಚಿತ್ರದ ಒಳಗೆ ಕೂರಿಸಿದ್ದಾರೆ ತಂಗಿ, ಅದಕ್ಕೇ ಅಕ್ಷರವಾಗಿ ಸಿಗುತ್ತಿಲ್ಲ. ಯಾರಾದರೂ ನಿನ್ನನ್ನು ಕರೆಯಬೇಕು ಅಂದುಕೊಂಡಿದ್ದರೂ ಅವರ ಪರದೆಯಲ್ಲಿ ನಂಬರಿನ ಖಾನೆ ಖಾಲಿ ಇದ್ದಿರಬಹುದು. ಹೊಸದರಲ್ಲಿ ಹೆಸರಿನ ಕೆಳಗೇ, ಮಾಮೂಲಿ ಸಾಲಿನಲ್ಲಿ ಎರಡನ್ನೂ ಟೈಪ್ ಮಾಡು. ಪುಟದ ಹೆಡರ್‌ನಲ್ಲೂ ಹಾಕಬೇಡ, ಕೆಲವು ಸಾಫ್ಟ್‌ವೇರ್ ಅದನ್ನೂ ಬಿಟ್ಟುಬಿಡುತ್ತದೆ. ಅಂಗಡಿಯ ಅನುಭವ ಸೇರಿಸಿ, ಮತ್ತೊಮ್ಮೆ ಪೇಸ್ಟ್ ಮಾಡಿ ನೋಡಿ, ಇವತ್ತು ರಾತ್ರಿಯೊಳಗೆ ಕಳಿಸು. ಇಲ್ಲಿ ಎಲ್ಲರ ಮುಂದೆ ಹಾಕಬೇಡ, ನನಗೊಬ್ಬಳಿಗೇ ಕಳಿಸು. ಓದಿ ಹೇಳುತ್ತೇನೆ.