‘ಕಡತ ಲಭ್ಯವಿರುವುದಿಲ್ಲ’ ಅಂದ್ರೆ ಎಂತ ಅರ್ಥ?

ಎಲ್ರಿಗೂ ನಮಸ್ಕಾರ. ನಾನು ಮಂಗಳೂರಲ್ಲಿ ಪತ್ರಿಕೆಯ ಡೆಸ್ಕಲ್ಲಿರುವವ. ಉಡುಪಿಯ ನಮ್ಮ ವರದಿಗಾರ ಮಾಹಿತಿ ಹಕ್ಕಲ್ಲಿ ಒಂದು ರಸ್ತೆ ಕಾಮಗಾರಿಯ ಕಡತ ಕೇಳಿದ್ದ, ಅದಕ್ಕೆ ಬಂದ ಹಿಂಬರಹದಲ್ಲಿ ಇರುವುದು ಒಂದೇ ವಾಕ್ಯ: "ತಾವು ಕೋರಿರುವ ಕಡತವು ಈ ಕಚೇರಿಯ ಅಭಿಲೇಖಾಲಯದಲ್ಲಿ ಲಭ್ಯವಿರುವುದಿಲ್ಲ." ಕೆಳಗೆ ರುಜು, ಸೀಲು, ಮುಗೀತು. ಇವ ಹೆಡ್ಡಿಂಗ್ ಕೊಟ್ಟದ್ದು ‘ಕಡತ ನಾಪತ್ತೆ’ ಅಂತ. ನಾಪತ್ತೆ ಅಂತ ಅವ್ರು ಎಲ್ಲಿ ಹೇಳಿದ್ದಾರೆ ಮಾರಾಯ್ರೆ, ನಾಳೆ ಲಾಯರ್ ನೋಟಿಸು ಬಂದ್ರೆ ಯಾರು ಉತ್ತರ ಕೊಡುದು ಅಂತ ಡೆಸ್ಕಲ್ಲಿ ಜಗಳ ಶುರುವಾಯ್ತು, ಇನ್ನೂ ಮುಗಿದಿಲ್ಲ.

‘ಲಭ್ಯ’ ಅಂದ್ರೆ ಸಂಸ್ಕೃತದ ಲೆಕ್ಕದಲ್ಲಿ ಪಡೆಯಲಿಕ್ಕೆ ಆಗುವಂಥದ್ದು. ಹಾಗಾದ್ರೆ ಲಭ್ಯವಿಲ್ಲ ಅಂದ್ರೆ ನಿಮ್ಮ ಕೈಗೆ ಬರುದಿಲ್ಲ ಅಂತ ಅಷ್ಟೇ ಆಯ್ತು, ಯಾಕೆ ಬರುದಿಲ್ಲ ಅನ್ನೋದು ಆ ಪದದೊಳಗೆ ಇಲ್ಲವೇ ಇಲ್ಲ. ಹೋಟ್ಲಲ್ಲಿ ‘ಗೋಳಿಬಜೆ ಲಭ್ಯವಿಲ್ಲ’ ಅಂತ ಬೋರ್ಡು ಹಾಕಿದ್ರೆ ಖಾಲಿಯಾಯ್ತೋ ಇವತ್ತು ಮಾಡ್ಲೇ ಇಲ್ವೋ ಗೊತ್ತಾಗ್ತದಾ? ಗೋಳಿಬಜೆಗೆ ಅಷ್ಟು ಸಾಕು, ಕಡತಕ್ಕೆ ಸಾಲುದಿಲ್ಲ. ಕಡತ ಬೇರೆ ಕಚೇರಿಯಲ್ಲಿದ್ರೆ ಅರ್ಜಿಯನ್ನು 5 ದಿನದೊಳಗೆ ಅಲ್ಲಿಗೆ ವರ್ಗಾಯಿಸ್ಬೇಕು. ಅವಧಿ ಮುಗಿದು ನಾಶ ಮಾಡಿದ್ರೆ ನಾಶ ಮಾಡಿದ್ದಕ್ಕೂ ದಾಖಲೆ ಇರ್ಬೇಕು. ಕಳೆದೇ ಹೋಗಿದ್ರೆ, 2005ರ ಕಾಯ್ದೆಯಲ್ಲಿ ಕೊಡದೆ ಇರುದಕ್ಕೆ ಏನೇನು ಕಾರಣ ಅಂತ 8 ಮತ್ತು 9ನೇ ಸೆಕ್ಷನ್ನಲ್ಲಿ ಹೇಳಿದೆಯಲ್ಲ, ಅಲ್ಲಿ ‘ಕಳೆದುಹೋಯ್ತು’ ಅನ್ನೋದು ಇಲ್ಲ; ಒಮ್ಮೆ ಕಚೇರಿಯಲ್ಲಿ ಇದ್ದ ದಾಖಲೆ ಸಿಗ್ಲಿಲ್ಲ ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ, ಚೆನ್ನಾಗಿ ಹುಡುಕ್ಬೇಕು, ಸಿಗದಿದ್ರೆ ಯಾರ ಹೊಣೆ ಅಂತ ವಿಚಾರಣೆ ಆಗ್ಬೇಕು ಅಂತ ದೆಹಲಿ ಹೈಕೋರ್ಟು 2013ರಲ್ಲೇ ಹೇಳಿದೆ. ಒಂದೊಂದು ಅರ್ಥಕ್ಕೂ ಬೇರೆ ಬೇರೆ ಸುದ್ದಿ. ‘ಲಭ್ಯವಿಲ್ಲ’ ಅಂತ ಬರೆದ್ರೆ ಯಾವುದಕ್ಕೂ ಸಿಕ್ಕಿಬೀಳುದಿಲ್ಲ, ಬರೆದವ್ರು ಜಾಣರು.

ಮಜಾ ಎಂತ ಗೊತ್ತುಂಟಾ, ಅದಕ್ಕೆ ಮೊದಲು ಕೌಂಟರಲ್ಲಿ ಬಾಯಲ್ಲಿ ವಿಚಾರಿಸಿದಾಗ ಗುಮಾಸ್ತರು ತುಳುವಲ್ಲಿ ಸೀದಾ "ತಿಕ್ಕುಜಿ" ಅಂದಿದ್ರಂತೆ. ಇಲ್ಲವೇ ಇಲ್ಲ ಅನ್ಲಿಕ್ಕೆ ‘ಇಜ್ಜಿ’ ಉಂಟು, ‘ತಿಕ್ಕುಜಿ’ ಅಂದ್ರೆ ಸಿಗುದಿಲ್ಲ. ಕಾಗದಕ್ಕೆ ಬರುವಾಗ ಅದು ಲಭ್ಯವಿರುವುದಿಲ್ಲ ಆಯ್ತು. (ಹಳೇ ಕಾಲದ ಕಡತ ಅಂದ್ರೆ ಹುಣಸೆಬೀಜದ ಅಂಟು, ಮಸಿ ಬಳಿದ ಬಟ್ಟೆಯ ಮಡಿಕೆ, ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೀಬಹುದಿತ್ತು. ಆ ಗುಣ ಈಗಿನವಕ್ಕೂ ಉಂಟು ಅಂತ ನಮ್ಮ ಸಬ್ ಎಡಿಟರ್ ತಮಾಷೆ.)

‘ನಾಪತ್ತೆ’ ನನಗೂ ಸ್ವಲ್ಪ ಜಾಸ್ತಿ ಅನ್ಸ್ತದೆ, ಪತ್ರಿಕೆ ಭಾಷೆಯಲ್ಲಿ ಅದಕ್ಕೆ ಯಾರೋ ಮಾಯ ಮಾಡಿದ್ರು ಅನ್ನೋ ವಾಸನೆ ಉಂಟು. ಆದ್ರೆ ನೋಟಿಸಿಗೆ ಹೆದರಿ ಅವ್ರ ಪದವನ್ನೇ ನಮ್ಮ ಪದ ಮಾಡಿಕೊಂಡ್ರೆ ಕಚೇರಿಯ ಪ್ರಕಟಣೆ ಅಚ್ಚು ಹಾಕಿದ ಹಾಗೇ ಆಯ್ತಲ್ವಾ. ಸದ್ಯಕ್ಕೆ ‘ಕಡತ ತೋರಿಸದ ಕಚೇರಿ’ ಅಂತ ಹೆಡ್ಡಿಂಗ್ ಮಾಡಿ ಅವ್ರ ವಾಕ್ಯವನ್ನು ಉದ್ಧರಣ ಚಿಹ್ನೆಯಲ್ಲಿ ಕೊಡುವ ಅಂತ ನನ್ನ ವಾದ.

ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವ್ರು ಇದ್ರೆ ಹೇಳಿ, ಹುಡುಕಿದ್ರೂ ಸಿಗದ ಕಡತಕ್ಕೆ ‘ಪತ್ತೆಯಾಗಿರುವುದಿಲ್ಲ’ ಅಂತ ಬೇರೆಯೇ ಷರಾ ಬರೆಯುವ ಕ್ರಮ ಉಂಟಾ? ನಾವು 1956ರವರೆಗೆ ಮದ್ರಾಸಿಗೆ ಸೇರಿದವ್ರು, ಹಳೇ ಮೈಸೂರು ಕಡೆಯ ಕಚೇರಿಗಳಲ್ಲಿ ಇದಕ್ಕೆ ಬೇರೆ ಪದ ಇತ್ತಾ?