ಲಾಡಿ ಸಡಿಲ ಮಾಡಿ ಸ್ವಾಮಿ

"ಏನೋ ಇದು, ಬೆಳಿಗ್ಗೆ ಬೆಳಿಗ್ಗೆನೇ ಮುಖಕ್ಕೆ ಸುಣ್ಣ ಬಳಿದುಕೊಂಡು ಬಂದಿದ್ದೀಯ?" ನಾಗರಾಜ ಬೈಟು ಕಾಫಿ ಕೆಳಗಿಟ್ಟು ಕೇಳಿದ.

ಶ್ರೀಪಾದ ಮೆಲ್ಬರ್ನಿನ ಮಗನ ಮನೆಯಿಂದ ಈಗಷ್ಟೇ ವಾಪಸ್ ಬಂದವನು. ಕಿವಿ, ಕತ್ತು ಎಲ್ಲ ಮುಚ್ಚುವಷ್ಟು ಅಗಲದ ಟೋಪಿ ಬೇರೆ. "ಸುಣ್ಣ ಅಲ್ಲ ಕಣೋ, ಸನ್‌ಸ್ಕ್ರೀನ್. ಅಲ್ಲಿ ಮೊಮ್ಮಗ ಟೋಪಿ ಮರೆತು ಸ್ಕೂಲಿಗೆ ಹೋದರೆ ಬಿಸಿಲಲ್ಲಿ ಆಟಕ್ಕೇ ಬಿಡೋಲ್ಲ."

ಇದು ಉತ್ಪ್ರೇಕ್ಷೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಬಿಸಿಲು ಚುರುಕು, ಜನರಲ್ಲಿ ಬಿಳಿ ಚರ್ಮದವರೇ ಜಾಸ್ತಿ. ಹಾಗಾಗಿ ಚರ್ಮದ ಕ್ಯಾನ್ಸರ್ ಅಲ್ಲಿ ಮನೆಮಾತು. 1981ರಲ್ಲೇ ಸಿಡ್ ಅನ್ನುವ ಕಾರ್ಟೂನ್ ಕಡಲಹಕ್ಕಿ ಟಿವಿಯಲ್ಲಿ ಕುಣಿಯುತ್ತಾ ಅಂಗಿ ತೊಡಿ, ಕ್ರೀಮ್ ಬಳಿಯಿರಿ, ಟೋಪಿ ಹಾಕಿ ಎಂದು ಹಾಡಿತ್ತು. ನೆರಳು ಹುಡುಕಿ, ಕೂಲಿಂಗ್ ಗ್ಲಾಸ್ ಹಾಕಿ ಅನ್ನುವುದು 2007ರಲ್ಲಿ ಸೇರಿತು. ಕ್ವೀನ್ಸ್‌ಲ್ಯಾಂಡಿನ ನಂಬೂರ್ ಎಂಬ ಊರಿನಲ್ಲಿ 1992ರಿಂದ ನಾಲ್ಕೂವರೆ ವರ್ಷ ಜನರಿಗೆ ದಿನಾ ಕ್ರೀಮ್ ಹಚ್ಚಿಸಿ ನೋಡಿದರು. ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇಕಡಾ 40ರಷ್ಟು ಇಳಿಯಿತು.

"ಇಳೀಲಿ. ನಮಗ್ಯಾಕೆ ಅದು?" ನಾಗರಾಜ ತನ್ನ ಕಪ್ಪು ಮುಂಗೈ ಚಾಚಿದ. "ನಮ್ಮದು ಕಂಪನಿ ಫಿಟಿಂಗ್ ಕೊಡೆ. ಹುಟ್ಟುವಾಗಲೇ ಹಾಕಿ ಕಳಿಸಿದ್ದಾರೆ."

ವಸಂತಕ್ಕ ನಕ್ಕರು. ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ನರ್ಸ್ ಆಗಿ ರಿಟೈರ್ ಆದವರು. "ಅರ್ಧ ಸರಿ ಕಣಪ್ಪ. ನಮ್ಮ ಬಣ್ಣ ಬಿಸಿಲನ್ನು ಒಂದಷ್ಟು ತಡೆಯುತ್ತೆ. ಇಲ್ಲಿ ಈ ಕಾಯಿಲೆ ಕಡಿಮೆ, ನಿಜ. ಆದರೆ ಲಾಡಿಗೆ ಏನು ಮಾಡ್ತೀಯ?"

"ಲಾಡಿಗಾ?"

"ಹ್ಞೂಂ, ಒಳಲಂಗದ ಲಾಡಿ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ತಾರೆ. ಬೆವರು, ಉಜ್ಜಾಟ. ಚರ್ಮ ಕಪ್ಪಾಗುತ್ತೆ, ದಪ್ಪ ಆಗುತ್ತೆ, ಒಡೆಯುತ್ತೆ. ಅಪರೂಪಕ್ಕೆ ಆ ಹುಣ್ಣೇ ಕ್ಯಾನ್ಸರ್ ಆಗುತ್ತೆ. 2024ರಲ್ಲಿ ಇಂಥ ಇಬ್ಬರು ವಯಸ್ಸಾದ ಹೆಂಗಸರ ಬಗ್ಗೆ ಡಾಕ್ಟರುಗಳು ಬರೆದಿದ್ದರು. ಒಬ್ಬರು ಲಂಗವನ್ನೇ ಉಡುತ್ತಿರಲಿಲ್ಲ, ಸೀರೆಯನ್ನೇ ಬಿಗಿದು ಸುತ್ತುತ್ತಿದ್ದರು."

ರುಕ್ಮಿಣಿಯ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಗಂಡಸರು ಮಾತ್ರ ತಮಗೇನೂ ಸಂಬಂಧವಿಲ್ಲ ಎಂಬಂತೆ ಕಾಫಿ ಕುಡಿಯುತ್ತಿದ್ದರು.

"ನಿಮಗೂ ಇದೆ ಸ್ವಾಮಿ. ಬಿಗಿಯಾಗಿ ಪಂಚೆ ಉಡುವವರ ಸೊಂಟದ ಕ್ಯಾನ್ಸರ್ ಬಗ್ಗೆ ಮುಂಬೈಯವರು 1945ರಲ್ಲೇ ಬರೆದಿದ್ದಾರೆ. ಕಾಶ್ಮೀರದಲ್ಲಿ ಚಳಿಗೆ ನಿಲುವಂಗಿಯೊಳಗೆ ಕೆಂಡದ ಕುಡಿಕೆ ಇಟ್ಟುಕೊಳ್ತಾರಲ್ಲ, ಕಾಂಗ್ರಿ, ಅದರ ಕಾವಿಗೆ ಹೊಟ್ಟೆ, ತೊಡೆಯ ಚರ್ಮಕ್ಕೆ ಬರುತ್ತೆ."

"ಅಕ್ಕಾ, ನನ್ನ ಉಡಿದಾರ?" ನಾಗರಾಜನ ದನಿ ಸ್ವಲ್ಪ ಸಣ್ಣಗಾಗಿತ್ತು.

"ದಾರದ ತಪ್ಪಿಲ್ಲ. ಹೊಟ್ಟೆ ಬೆಳೆದಿದೆ, ದಾರ ಬೆಳೆದಿಲ್ಲ. ಗುರುತು ಬೀಳುವಷ್ಟು ಬಿಗಿ ಇದ್ದರೆ ಸಡಿಲ ಮಾಡ್ಕೊ."

ರುಕ್ಮಿಣಿಗೆ ಉಪಾಯ ಬೇಕಿತ್ತು. ವಸಂತಕ್ಕ ಹೇಳಿದ್ದು ಸುಲಭದ್ದು. ಸಣ್ಣ ಲಾಡಿ ಬದಲು ಅಗಲ ಪಟ್ಟಿಯ ಲಂಗ, ಗಂಟು ಹಾಕುವ ಜಾಗ ಆಗಾಗ ಬದಲಿಸುವುದು, ಮನೆಯಲ್ಲಿದ್ದಾಗ ನೈಟಿ. ಚರ್ಮ ಒಡೆದಿದ್ದರೆ ಅದರ ಮೇಲೇ ಮತ್ತೆ ಕಟ್ಟಬಾರದು. ಕೆಲವು ವಾರಗಳಾದರೂ ಮಾಯದ ಹುಣ್ಣು, ಹಳೆ ಸುಟ್ಟಗಾಯದ ಮೇಲೆ ಎದ್ದ ಗಂಟು, ಸುಮ್ನೆ ಸುಮ್ನೆ ರಕ್ತ ಬರುವ ಮಚ್ಚೆ, ಇದ್ಯಾವುದಕ್ಕೂ ಅರಿಶಿನ ಮೆತ್ತಿ ಕೂರದೆ ಡಾಕ್ಟರ್ ಹತ್ತಿರ ಹೋಗಬೇಕು. ಅರಿಶಿನ ಅನ್ನುವಾಗ ಅವರ ಮುಖ ನೋಡಬೇಕಿತ್ತು. ಎಷ್ಟು ಜನರ ಗಾಯದಿಂದ ಅದನ್ನು ತೊಳೆದಿದ್ದಾರೋ!

"ಮಾತ್ರೆ, ಮುಲಾಮು, ಎಲ್ಲ ಬಿಡಿ. ನೀರೂ ನೋಡಬೇಕು," ಎಂದರು. ಯಾದಗಿರಿ ಜಿಲ್ಲೆಯ ಹಳೆ ಚಿನ್ನದ ಗಣಿ ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇತ್ತು. ಜನರ ಅಂಗೈ, ಅಂಗಾಲು ಗಂಟುಗಂಟಾಗಿ ಒರಟಾಗಿದ್ದವು, ಕೆಲವರಿಗೆ ಚರ್ಮದ ಕ್ಯಾನ್ಸರ್ ಆಗಿತ್ತು. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ಪಾಪ, ಅವರು ಯಾವ ಟೋಪಿ ಹಾಕಿದರೇನು?

ಶ್ರೀಪಾದ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ಹಾಗಾದ್ರೆ ಈ ಕ್ರೀಮ್ ದಂಡನಾ?"

"ದಂಡ ಯಾಕೆ? ಮಧ್ಯಾಹ್ನ ಬಿಸಿಲಲ್ಲಿ ಸುತ್ತುವಾಗ ಹಚ್ಚು. ತುಂಬು ತೋಳು ಹಾಕು, ಛತ್ರಿ ಹಿಡಿ. ಆದರೆ ಡಬ್ಬಿ ಮೇಲೆ ಎಸ್‌ಪಿಎಫ್ ಅಂತ ನಂಬರ್ ಇರುತ್ತಲ್ಲ, 30ರದ್ದು ಸುಟ್ಟು ಕೆಂಪಾಗಿಸುವ ಕಿರಣಗಳನ್ನು ಶೇಕಡಾ 97ರಷ್ಟು ತಡೆದರೆ, 50ರದ್ದು 98. ಆ ಒಂದಕ್ಕೆ ಡಬಲ್ ದುಡ್ಡು ಕೊಡಬೇಡ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚದಿದ್ದರೆ ಯಾವ ನಂಬರಾದರೂ ಅಷ್ಟೆ."

"ಬಿಸಿಲೇ ಬೀಳದ ಕಡೆ ಏನೂ ಆಗಲ್ಲ ತಾನೆ?" ನಾಗರಾಜ ಇನ್ನೂ ಸೋಲೊಪ್ಪಿರಲಿಲ್ಲ.

"ಬಾಬ್ ಮಾರ್ಲಿ ಗೊತ್ತಲ್ವಾ? ಜಮೈಕಾದ ಹಾಡುಗಾರ. ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದದ್ದು ಮೆಲನೋಮ, ಅದೂ ಒಂದು ಬಗೆಯ ಚರ್ಮದ ಕ್ಯಾನ್ಸರ್ರೇ. 1977ರಲ್ಲಿ ಗೊತ್ತಾಯಿತು, 1981ರಲ್ಲಿ ಹೋದ. 36 ವರ್ಷ. ನಮ್ಮಂಥ ಬಣ್ಣದವರಲ್ಲಿ ಅದು ಅಂಗಾಲು, ಅಂಗೈ, ಉಗುರು, ಇಂಥ ಕಡೆಯೇ ಜಾಸ್ತಿ. ಅಂಗಾಲನ್ನು ಯಾರಪ್ಪ ನೋಡ್ತಾರೆ?"

ನಾಗರಾಜ ನೋಡಿದ. ಅಲ್ಲೇ, ಆಗಲೇ. ಚಪ್ಪಲಿ ಬಿಟ್ಟು ಬಲಗಾಲನ್ನು ಎತ್ತಿ ಟೇಬಲ್ ಅಂಚಿಗೆ ತಂದ. ಹಿಮ್ಮಡಿಯ ಹತ್ತಿರ ಕಪ್ಪು ಚುಕ್ಕೆ! ಎಲ್ಲರೂ ಬಗ್ಗಿದೆವು. ಶ್ರೀಪಾದ ಕನ್ನಡಕ ಏರಿಸಿದ. ಕ್ಯಾಷಿಯರ್ ಕೂಗಿದ: "ಸಾರ್, ಅದು ತಿಂಡಿ ಇಡೋ ಟೇಬಲ್ಲು!"

ವಸಂತಕ್ಕ ಟಿಶ್ಯೂ ಪೇಪರ್ ಒದ್ದೆ ಮಾಡಿ ಒರೆಸಿದರು. ಚುಕ್ಕೆ ಪೇಪರಿಗೆ ಬಂತು.

"ರಸ್ತೆ ಟಾರು," ಎಂದರು. "ಇನ್ನೊಂದು ಕಾಲು ಮನೆಗೆ ಹೋಗಿ ಹೆಂಡತಿಗೆ ತೋರಿಸು."