ಕೊಳವೆಬಾವಿ ನೀರಿನ ಫ್ಲೋರೈಡ್: ಎಂಜಿನಿಯರರೊಂದಿಗೆ ಪ್ರಶ್ನೋತ್ತರ

ಎಂಜಿನಿಯರ್: ಎಲ್ಲರಿಗೂ ನಮಸ್ಕಾರ. ಈ ಗುಂಪಿನ ನಿರ್ವಾಹಕರ ಕೋರಿಕೆಯಂತೆ ಕುಡಿಯುವ ನೀರಿನ ಫ್ಲೋರೈಡ್ ಕುರಿತ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತೇನೆ. ನಾನು ನೀರು ಶುದ್ಧೀಕರಣ ಘಟಕಗಳ ವಿನ್ಯಾಸ ಮತ್ತು ನಿರ್ವಹಣೆಯಲ್ಲಿ ಕೆಲಸ ಮಾಡಿದವನು, ವೈದ್ಯನಲ್ಲ. ಪ್ರಶ್ನೆ ಕೇಳುವವರು ಪರೀಕ್ಷಾ ವರದಿಯಲ್ಲಿರುವ ಫ್ಲೋರೈಡ್ ಪ್ರಮಾಣವನ್ನು ದಯವಿಟ್ಟು ಬರೆಯಿರಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಮತ್ತು ಮೂಳೆಗಳಿಗೆ ಹಾನಿಯಾಗಬಹುದು.

ಸದಸ್ಯರು, ಶ್ರೀನಿವಾಸಪುರ: ಸರ್, ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟ ನೀರು ಫ್ಲೋರೈಡ್ ಮುಕ್ತವಾಗುತ್ತದೆಂದು ಬೆಂಗಳೂರಿನ ಸಂಶೋಧಕರೇ ಸಾಬೀತು ಮಾಡಿದ್ದಾರೆ ಎಂಬ ಸಂದೇಶ ಬಂದಿದೆ. ಇದು ನಿಜವೇ?

ಎಂಜಿನಿಯರ್: ಸಂಶೋಧನೆ ನಿಜ, ಸಂದೇಶ ಸುಳ್ಳು. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಎಂಬ ಸಾಂಪ್ರದಾಯಿಕ ವೈದ್ಯ ಪದ್ಧತಿಗಳ ಸಂಶೋಧನಾ ಸಂಸ್ಥೆಯವರೂ ಇದ್ದ ತಂಡವೊಂದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಕಾಲರಾ, ಆಮಶಂಕೆ ಮುಂತಾದವನ್ನು ತರುವ ಬ್ಯಾಕ್ಟೀರಿಯಾಗಳು ಉಳಿಯಲಿಲ್ಲ. ಅವರು ಪರೀಕ್ಷಿಸಿದ್ದು ಬ್ಯಾಕ್ಟೀರಿಯಾಗಳನ್ನು. ಫ್ಲೋರೈಡ್ ಜೀವಿಯಲ್ಲ, ನೀರಿನಲ್ಲಿ ಕರಗಿರುವ ಲವಣದ ಅಂಶ. ತಾಮ್ರಕ್ಕೆ ಅದನ್ನು ಹಿಡಿದಿಡುವ ಗುಣವಿಲ್ಲ. ಬಿಂದಿಗೆಯನ್ನು ಬೇಕಾದರೆ ಬಳಸಿ, ಫ್ಲೋರೈಡಿಗಾಗಿ ಬೇಡ.

ಸದಸ್ಯರು, ಮುಂಡರಗಿ: ನೀರನ್ನು ಚೆನ್ನಾಗಿ ಕುದಿಸಿದರೆ ಸಾಲದೇ?

ಎಂಜಿನಿಯರ್: ಸಾಲದು. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರಮಾಣ ಹೆಚ್ಚುತ್ತದೆ.

ಸದಸ್ಯರು, ಕೊಪ್ಪಳ: ನಮ್ಮ ಟಿಡಿಎಸ್ ಮೀಟರಿನಲ್ಲಿ 210 ಬರುತ್ತದೆ. ಹಾಗಾದರೆ ಫ್ಲೋರೈಡ್ ಇಲ್ಲವೆಂದು ತಿಳಿಯಬಹುದೇ?

ಎಂಜಿನಿಯರ್: ತಿಳಿಯಬಾರದು. ಆ ಮೀಟರ್ ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ. 210ರಲ್ಲಿ ಫ್ಲೋರೈಡ್ 0.3 ಇರಬಹುದು, 3 ಕೂಡ ಇರಬಹುದು.

ಸದಸ್ಯೆ, ಪಾವಗಡ: ಸರ್, ನಾನು ಶಾಲಾ ಶಿಕ್ಷಕಿ. ನಮ್ಮೂರಿನ ಕೊಳವೆಬಾವಿಯ ವರದಿಯಲ್ಲಿ ಫ್ಲೋರೈಡ್ 3.8 ಎಂದಿದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ದಿನವೂ ಕ್ಯಾನಿನಲ್ಲಿ ಕುಡಿಯುವ ನೀರು ತರುತ್ತೇವೆ. ನೀರು ಸಪ್ಪೆಯೆಂದು ಜನ ದೂರಿದ್ದರಿಂದ ಘಟಕ ನೋಡಿಕೊಳ್ಳುವವರು ಒಂದು ವಾಲ್ವನ್ನು ತಿರುಗಿಸಿಟ್ಟಿದ್ದಾರೆ; ಈಗ ರುಚಿ ಚೆನ್ನಾಗಿದೆ. ಅಡುಗೆಗೆ ನಲ್ಲಿಯಲ್ಲಿ ಬರುವ ಕೊಳವೆಬಾವಿ ನೀರನ್ನೇ ಬಳಸುತ್ತೇವೆ. ಹತ್ತು ವರ್ಷದ ಮಗನ ಮುಂದಿನ ಹಲ್ಲುಗಳಲ್ಲಿ ಕಂದು ಗೆರೆಗಳಿವೆ. ನಾಲ್ಕು ವರ್ಷದ ಮಗಳಿಗೂ ಹೀಗಾಗುವುದೇ ಎಂಬ ಚಿಂತೆ.

ಎಂಜಿನಿಯರ್: ಮೇಡಂ, ನೀವು ಬರೆದಿರುವುದರಲ್ಲಿ ಎರಡು ವಿಷಯಗಳು ನನಗೆ ಆತಂಕ ತಂದಿವೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು ಆ ವಾಲ್ವ್. ಬಹಳಷ್ಟು ಘಟಕಗಳಲ್ಲಿ ಆರ್‌ಓ ಮೆಂಬ್ರೇನ್ (ಕರಗಿದ ಲವಣಗಳನ್ನು ತಡೆಯುವ ತೆಳುಪೊರೆ) ದಾಟಿ ಬಂದ ನೀರಿಗೆ ಸ್ವಲ್ಪ ಕಚ್ಚಾ ನೀರನ್ನು ಬೆರೆಸುವ ಒಂದು ಅಡ್ಡದಾರಿ ಇರುತ್ತದೆ. ಲವಣ ಹೆಚ್ಚಿದ್ದು ಫ್ಲೋರೈಡ್ ಕಡಿಮೆಯಿರುವ ನೀರಿಗೆ ಅದರಿಂದ ತೊಂದರೆಯಿಲ್ಲ. ನಿಮ್ಮ ನೀರಿಗೆ ಅದು ಸಲ್ಲದು. ಮೆಂಬ್ರೇನ್ ಚೆನ್ನಾಗಿದ್ದು 0.3ರ ನೀರನ್ನು ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಅದರ ಎರಡು ಪಾಲಿಗೆ 3.8ರ ಕಚ್ಚಾ ನೀರು ಒಂದು ಪಾಲು ಬೆರೆತರೆ ನಿಮ್ಮ ಕ್ಯಾನಿನಲ್ಲಿ 1.47 ಇರುತ್ತದೆ. ಹಣ ಕೊಟ್ಟು ಹೊತ್ತು ತಂದ ನೀರು ಮಾನಕದ ಮೊದಲ ಮಿತಿಯನ್ನು ಆಗಲೇ ದಾಟಿರುತ್ತದೆ, ನಾಲಿಗೆಗೆ ಮಾತ್ರ ಹಿತವೆನಿಸುತ್ತದೆ. ಫ್ಲೋರೈಡಿಗೆ ಈ ಪ್ರಮಾಣದಲ್ಲಿ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಸಪ್ಪೆತನವೇ ದೂರಾದರೆ ಸುಣ್ಣಕಲ್ಲಿನ ಹರಳು ತುಂಬಿದ ಸಣ್ಣ ಫಿಲ್ಟರೊಂದನ್ನು ಕೊನೆಯಲ್ಲಿ ಜೋಡಿಸಿ ಕ್ಯಾಲ್ಸಿಯಂ ಸೇರಿಸಬಹುದು. ಕಚ್ಚಾ ನೀರನ್ನು ಬೆರೆಸುವುದು ಪರಿಹಾರವಲ್ಲ.

ಎರಡನೆಯದು ಅಡುಗೆ, ಮತ್ತು ಇದನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅನ್ನಕ್ಕೆ ಇಟ್ಟ ಎಸರು ಅನ್ನದೊಳಗೇ ಸೇರುತ್ತದೆ, ಮುದ್ದೆಯ ನೀರು ಮುದ್ದೆಯಲ್ಲಿ, ಸಾರಿನದು ಸಾರಿನಲ್ಲಿ. ಮಗಳು ದಿನಕ್ಕೆ ಊಟದ ಮೂಲಕ ಅರ್ಧ ಲೀಟರ್ ಕೊಳವೆಬಾವಿ ನೀರನ್ನು ಸೇವಿಸುತ್ತಾಳೆಂದುಕೊಂಡರೂ ಅದರಿಂದ 1.9 ಮಿಲಿಗ್ರಾಂ ಫ್ಲೋರೈಡ್ ಒಳಹೋಗುತ್ತದೆ. ವಾಲ್ವ್ ಮುಚ್ಚಿದ ಮೇಲೆ ಒಂದು ಲೀಟರ್ ಶುದ್ಧ ನೀರಿನಿಂದ ಒಳಹೋಗುವುದು 0.3 ಮಾತ್ರ. ಎಂದರೆ, ಕುಡಿಯುವ ನೀರನ್ನು ಮಾತ್ರ ಬದಲಿಸಿದ ಮನೆಯಲ್ಲಿ ಫ್ಲೋರೈಡಿನ ದೊಡ್ಡ ಪಾಲು ಒಲೆಯ ಮೂಲಕ ಬರುತ್ತಲೇ ಇರುತ್ತದೆ.

ಕಾಯಂ ಹಲ್ಲುಗಳ ಎನಾಮೆಲ್ (ಗಟ್ಟಿ ಹೊರಪದರ) ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ; ಹೆಚ್ಚಿನ ಫ್ಲೋರೈಡ್ ಇಂಥ ಗೆರೆಗಳನ್ನು ಮೂಡಿಸುವುದು ಆ ಅವಧಿಯಲ್ಲೇ. ಮಗನ ಹಲ್ಲಿನ ಗೆರೆಗಳು ನೀರು ಬದಲಿಸಿದರೆ ಅಳಿಯುವುದಿಲ್ಲ. ಅಂದಕ್ಕೆ ಏನು ಮಾಡಬಹುದೆಂದು ದಂತವೈದ್ಯರು ಹೇಳುತ್ತಾರೆ. ಮಗಳ ವಿಷಯದಲ್ಲಿ ಇನ್ನೂ ಸಮಯವಿದೆ. ನಾಳೆಯಿಂದಲೇ ಅಡುಗೆಗೂ ಶುದ್ಧ ನೀರು ಬಳಸಿ. ಆ ವಾಲ್ವ್ ಮುಚ್ಚಿಸಿ. ಮೆಂಬ್ರೇನಿನಿಂದ ಹೊರಬರುವ ಕಡೆಯಿಂದ ಒಂದು, ಜನ ನೀರು ಹಿಡಿಯುವ ನಲ್ಲಿಯಿಂದ ಒಂದು ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತೆಗೆದು (ಗಾಜಿನ ಬಾಟಲಿ ಬೇಡ) ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ವರದಿ ಬಂದ ಕೂಡಲೇ ಇಲ್ಲಿ ಹಾಕಿ.

ಸದಸ್ಯರು, ಬಾಗೇಪಲ್ಲಿ: ಇದಕ್ಕೆಲ್ಲ ಇಷ್ಟು ಕಷ್ಟವೇಕೆ? ನುಗ್ಗೆಬೀಜದ ಪುಡಿ ಮತ್ತು ತುಳಸಿ ಎಲೆಯನ್ನು ಕೊಡಕ್ಕೆ ಹಾಕಿದರೆ ಒಂದೇ ಗಂಟೆಯಲ್ಲಿ ಫ್ಲೋರೈಡ್ ಮಾಯವಾಗುತ್ತದೆ. ಎಲ್ಲ ಗುಂಪುಗಳಿಗೂ ತಲುಪಿಸಿ.

ಎಂಜಿನಿಯರ್: ದಯವಿಟ್ಟು ತಲುಪಿಸಬೇಡಿ. ಗಿಡದ ಎಲೆ, ಬೀಜ, ಸಿಪ್ಪೆಗಳು ಫ್ಲೋರೈಡನ್ನು ಸ್ವಲ್ಪಮಟ್ಟಿಗೆ ಹೀರುತ್ತವೆಂಬ ಪ್ರಯೋಗಾಲಯದ ಪ್ರಬಂಧಗಳು ಇವೆ. ಅವುಗಳಲ್ಲಿ ಹೆಚ್ಚಿನವನ್ನು ಶುದ್ಧ ನೀರಿಗೆ ಫ್ಲೋರೈಡ್ ಬೆರೆಸಿ, ಪುಡಿಯನ್ನು ಸಂಸ್ಕರಿಸಿ, ಅಳತೆ ಮಾಡಿ, ಕಲಕಿ, ಸೋಸಿ ನಡೆಸಿರುತ್ತಾರೆ. ನಿಮ್ಮ ಕೊಳವೆಬಾವಿಯಲ್ಲಿ ಬೈಕಾರ್ಬೊನೇಟ್ ಎಂಬ ಇನ್ನೊಂದು ಲವಣಾಂಶ ಹೇರಳವಾಗಿದ್ದು ಹೀರುವ ಜಾಗಕ್ಕಾಗಿ ಅದೂ ಪೈಪೋಟಿ ನಡೆಸುತ್ತದೆ. ನುಗ್ಗೆಬೀಜ ಕೆಸರನ್ನು ತಳಕ್ಕಿಳಿಸಲು ಒಳ್ಳೆಯದು; ನೀರು ತಿಳಿಯಾದದ್ದನ್ನು ನೋಡಿ ಫ್ಲೋರೈಡ್ ಹೋಯಿತೆಂದು ನಂಬುವುದೇ ಇಲ್ಲಿರುವ ಅಪಾಯ. ಸಂದೇಶದಲ್ಲಿ ಎಷ್ಟು ಲೀಟರಿಗೆ ಎಷ್ಟು ಗ್ರಾಂ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಮೂರು ಸಂಖ್ಯೆಗಳಿಲ್ಲದಿದ್ದರೆ ಅದನ್ನು ಮುಂದೆ ಕಳುಹಿಸಬೇಡಿ.

ಸದಸ್ಯರು, ಬಾಗೇಪಲ್ಲಿ: ನಮ್ಮ ಪೂರ್ವಜರು ಸಂಖ್ಯೆ ನೋಡಿ ನೀರು ಕುಡಿಯಲಿಲ್ಲ ಸ್ವಾಮಿ. ಫ್ಲೋರೈಡ್ ಎಂಬುದೇ ಆರ್‌ಓ ಕಂಪನಿಗಳು ಹುಟ್ಟಿಸಿದ ಭಯ.

ಎಂಜಿನಿಯರ್: ಮದ್ರಾಸ್ ಪ್ರಾಂತ್ಯದಲ್ಲಿ ಜನರ ಬೆನ್ನುಮೂಳೆ ಸೆಟೆದುಕೊಂಡದ್ದಕ್ಕೆ ನೀರಿನ ಫ್ಲೋರೈಡ್ ಕಾರಣವೆಂದು ಶಾರ್ಟ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ವರದಿ ಮಾಡಿದ್ದು 1937ರಲ್ಲಿ. ಉಪಯೋಗಕ್ಕೆ ಬರುವಂಥ ಆರ್‌ಓ ಮೆಂಬ್ರೇನ್ ತಯಾರಾದದ್ದು 1960ರ ಸುಮಾರಿಗೆ. ನಿಮ್ಮ ಪೂರ್ವಜರು ಕುಡಿದದ್ದು ಕೆರೆಯ ಮತ್ತು ತೆರೆದ ಬಾವಿಯ ನೀರನ್ನು, ಸಾವಿರ ಅಡಿ ಆಳದ ಗ್ರಾನೈಟಿನೊಳಗೆ ಬಹುಕಾಲ ನಿಂತು ಖನಿಜ ಕರಗಿಸಿಕೊಂಡ ನೀರನ್ನಲ್ಲ.

ಸದಸ್ಯೆ, ರಾಯಚೂರು: ಸರ್, ಹುಣಸೆಹಣ್ಣು ತಿಂದರೆ ಫ್ಲೋರೈಡ್ ಮೂತ್ರದಲ್ಲಿ ಹೋಗುತ್ತದೆ ಎಂಬುದೂ ಇಂಥದ್ದೇ ಸುಳ್ಳೇ?

ಎಂಜಿನಿಯರ್: ಅಲ್ಲ, ಇದು ಕುತೂಹಲದ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ವಿದ್ಯಾರ್ಥಿನಿಲಯದ ಬಾಲಕರಿಗೆ 18 ದಿನ, ದಿನಕ್ಕೆ 10 ಗ್ರಾಂ ಹುಣಸೆಹಣ್ಣನ್ನು ಊಟದೊಂದಿಗೆ ಕೊಟ್ಟು ನೋಡಿದರು; 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ದಿನಕ್ಕೆ 3.5 ಮಿಲಿಗ್ರಾಂನಿಂದ 4.8ಕ್ಕೆ ಏರಿತು. ಸಣ್ಣ ಅಧ್ಯಯನವಾದರೂ ಮನುಷ್ಯರ ಮೇಲೆ, ಅಳತೆಯಿಟ್ಟು ನಡೆದದ್ದು. ಅದೇ ತಂಡ ಬಳಿಕ ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಹುಣಸೆಹಣ್ಣನ್ನು ನೋಡಿದ್ದು ಫ್ಲೋರೈಡ್ ತೆಗೆದ ನೀರಿನ ಜೊತೆಗೆ ಸಿಗುವ ಹೆಚ್ಚುವರಿ ಲಾಭವಾಗಿ. ನೀರು ಬದಲಾಗದೆ ಹುಣಸೆಹಣ್ಣು ಮಾತ್ರ ಹೆಚ್ಚಿದರೆ, ಹೊರಹೋದಷ್ಟನ್ನೂ ಮರುದಿನದ ಸಾರು ಮತ್ತೆ ತುಂಬುತ್ತದೆ. ಹುಳಿಸಾರು ಉಣ್ಣಿ, ಮಕ್ಕಳಿಗೆ ಹಾಲು, ಮೊಸರು, ರಾಗಿ ಕೊಡಿ, ಏಕೆಂದರೆ ಕ್ಯಾಲ್ಸಿಯಂ ಫ್ಲೋರೈಡಿನ ಹೀರಿಕೆಯನ್ನು ತಗ್ಗಿಸುತ್ತದೆ. ಇವೆಲ್ಲ ಒಳ್ಳೆಯ ನೀರಿನ ಜೊತೆಗೆ ಇರಬೇಕಾದವು. ಒಳ್ಳೆಯ ನೀರಿಗೆ ಬದಲಿಯಲ್ಲ.

ಸದಸ್ಯರು, ಕ್ಯಾಲಿಫೋರ್ನಿಯಾ: ಇಲ್ಲಿ ಅಮೆರಿಕದಲ್ಲಿ ಹಲ್ಲಿನ ಹುಳುಕು ತಡೆಯಲೆಂದು ನಲ್ಲಿ ನೀರಿಗೆ ಫ್ಲೋರೈಡನ್ನು ಬೇಕೆಂದೇ ಸೇರಿಸುತ್ತಾರೆ. ಅದರಿಂದ ಮಕ್ಕಳ ಬುದ್ಧಿಮತ್ತೆ ಕುಗ್ಗುತ್ತದೆಂದು 2024ರಲ್ಲಿ ಅಮೆರಿಕದ ಸರ್ಕಾರಿ ವರದಿಯೇ ಹೇಳಿದೆ. ಎಲ್ಲರೂ ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನು ಇಂದೇ ಎಸೆಯಿರಿ.

ದಂತವೈದ್ಯೆ, ದಾವಣಗೆರೆ: ಪೂರ್ತಿ ಓದದೆ ಹೇಳಬೇಡಿ. ಆ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮದ ವರದಿ ಹೇಳಿದ್ದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರಿನ ಬಗ್ಗೆ, ಅದೂ ಮಧ್ಯಮ ಮಟ್ಟದ ವಿಶ್ವಾಸದೊಂದಿಗೆ. ನಿಮ್ಮಲ್ಲಿ ಶಿಫಾರಸಾಗಿರುವುದು 0.7. ಆ ಪ್ರಮಾಣದ ಬಗ್ಗೆ ತೀರ್ಮಾನಿಸಲು ಸಾಕಷ್ಟು ಮಾಹಿತಿಯಿಲ್ಲ ಎಂದು ಅದೇ ವರದಿ ಹೇಳಿದೆ. ಟೂತ್‌ಪೇಸ್ಟನ್ನು ಉಗಿಯುತ್ತೇವೆ, ಕುಡಿಯುವುದಿಲ್ಲ. ಚಿಕ್ಕ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರು ವರ್ಷ ದಾಟಿದವರಿಗೆ ಬಟಾಣಿಯಷ್ಟು ಸಾಕು.

ಸದಸ್ಯರು, ಕ್ಯಾಲಿಫೋರ್ನಿಯಾ: ಯೂಟಾ ರಾಜ್ಯ 2025ರಲ್ಲಿ ನೀರಿಗೆ ಫ್ಲೋರೈಡ್ ಸೇರಿಸುವುದನ್ನೇ ನಿಷೇಧಿಸಿತು. ಅಲ್ಲಿನವರು ದಡ್ಡರೇ?

ದಂತವೈದ್ಯೆ, ದಾವಣಗೆರೆ: ಶಾಸಕರು ಕೈಯೆತ್ತಿದ್ದನ್ನು ಸಂಶೋಧನೆಯ ಫಲಿತಾಂಶವೆಂದು ತಂದು ಇಲ್ಲಿ ಇಡಬೇಡಿ. ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಅಮೆರಿಕದ ನಗರದಲ್ಲಿ 1945ರಲ್ಲಿ ನೀರಿಗೆ ಫ್ಲೋರೈಡ್ ಸೇರಿಸುವ ಕ್ರಮ ಆರಂಭವಾದ ಮೇಲೆ ಮಕ್ಕಳ ಹಲ್ಲಿನ ಹುಳುಕು ಎಷ್ಟು ಇಳಿಯಿತೆಂದು ಓದಿ ಬನ್ನಿ.

ಸದಸ್ಯರು, ಕ್ಯಾಲಿಫೋರ್ನಿಯಾ: ಟೂತ್‌ಪೇಸ್ಟ್ ಕಂಪನಿಗಳ ಪರವಾಗಿ ನೀವು ಮಾತನಾಡುವುದು ಸಹಜವೇ ಇದೆ.

ದಂತವೈದ್ಯೆ, ದಾವಣಗೆರೆ: ನಿರ್ವಾಹಕರು ಈ ಮಾತನ್ನು ಗಮನಿಸಬೇಕು.

ಸದಸ್ಯೆ, ರಾಯಚೂರು: ನೀವಿಬ್ಬರೂ 0.7ರ ಮೇಲೆ ಜಗಳವಾಡುತ್ತಿದ್ದೀರಿ. ನಮ್ಮ ತಾಂಡಾದ ಕೊಳವೆಬಾವಿಯಲ್ಲಿ 5 ಇದೆ. ಅದರ ಬಗ್ಗೆ ಯಾರಾದರೂ ಬರೆಯುವಿರಾ?

ಎಂಜಿನಿಯರ್: ರಾಯಚೂರಿನ ಸದಸ್ಯೆಯವರ ಮಾತು ಸರಿ. ಅಮೆರಿಕದ ಚರ್ಚೆಯನ್ನು ಬೇರೆ ಕಡೆ ಮುಂದುವರಿಸಿ. 5 ಇರುವಲ್ಲಿ ಆ ಬಾವಿಯನ್ನು ಕುಡಿಯಲು ಮತ್ತು ಅಡುಗೆಗೆ ಬಳಸುವುದನ್ನು ನಿಲ್ಲಿಸಿ, ಬಟ್ಟೆ ಪಾತ್ರೆ ತೊಳೆಯಲು ಮಾತ್ರ ಇಟ್ಟುಕೊಳ್ಳಬೇಕು. ಮಳೆನೀರಿನಲ್ಲಿ ಫ್ಲೋರೈಡ್ ಬಹುತೇಕ ಇರುವುದಿಲ್ಲ. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೂ 30 ಚದರ ಮೀಟರ್ ಚಾವಣಿಯಿಂದ, ಸೋರಿಕೆ ಕಳೆದು, ಸುಮಾರು 12,000 ಲೀಟರ್ ಸಿಗುತ್ತದೆ. ಐವರ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ, 6,000 ಲೀಟರಿನ ಮುಚ್ಚಿದ ತೊಟ್ಟಿ ಮಳೆಯಿಲ್ಲದ ಎಂಟು ತಿಂಗಳನ್ನು ದಾಟಿಸುತ್ತದೆ. ಮೊದಲ ಮಳೆಯ ನೀರನ್ನು ಹೊರಬಿಡಿ. ಸಂಗ್ರಹಿಸಿದ ನೀರನ್ನು ಕುದಿಸಿ ಅಥವಾ ಕ್ಲೋರಿನ್ ಹಾಕಿ ಕುಡಿಯಿರಿ.

ಸದಸ್ಯರು, ಚಿತ್ರದುರ್ಗ: ನಲ್ಗೊಂಡ ವಿಧಾನ ಅತಿ ಅಗ್ಗವೆಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಅದೇಕೆ ಎಲ್ಲೂ ಕಾಣುವುದಿಲ್ಲ?

ಎಂಜಿನಿಯರ್: ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ವಿಧಾನವದು: ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ, ಕಲಕಿ, ತಿಳಿಯಾಗಲು ಬಿಡುವುದು. ರಸಾಯನಶಾಸ್ತ್ರದಲ್ಲಿ ದೋಷವಿಲ್ಲ. ಆದರೆ ನೀರಿನ ಕ್ಷಾರತೆಗೆ ತಕ್ಕಂತೆ ಪಟಿಕದ ಅಳತೆ ಬದಲಾಗಬೇಕು, ಕೆಸರನ್ನು ದಿನವೂ ತೆಗೆಯಬೇಕು, ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಅದಕ್ಕೆ ಮಾನಕದ ಮಿತಿ 0.03, ಬೇರೆ ದಾರಿಯಿಲ್ಲದಿದ್ದರೆ 0.2 ಮಿಲಿಗ್ರಾಂ. ಈ ಕೆಲಸಕ್ಕೆ ತರಬೇತಾದ ಒಬ್ಬರು ಪ್ರತಿದಿನ ಬೇಕು, ಅವರಿಗೆ ಸಂಬಳ ಬೇಕು. ಯೋಜನೆಯ ಹಣ ಯಂತ್ರ ಕೊಳ್ಳಲು ಸುಲಭವಾಗಿ ಸಿಗುತ್ತದೆ, ಆ ಸಂಬಳಕ್ಕೆ ಸಿಗುವುದಿಲ್ಲ. ಫ್ಲೋರೈಡನ್ನು ಹೀರಿಕೊಳ್ಳುವ ಆಕ್ಟಿವೇಟೆಡ್ ಅಲ್ಯುಮಿನಾ ಹರಳಿನ ಫಿಲ್ಟರುಗಳ ಕಥೆಯೂ ಅದೇ: ಹೀರುವ ಶಕ್ತಿ ಮುಗಿದಾಗ ಕಾಸ್ಟಿಕ್ ಸೋಡಾ ಮತ್ತು ಆಮ್ಲದಿಂದ ತೊಳೆದು ಸಜ್ಜುಗೊಳಿಸುವವರಿಲ್ಲದೆ ಮೂಲೆ ಸೇರಿದವು.

ಸದಸ್ಯರು, ಬೆಂಗಳೂರು: ನಮ್ಮಲ್ಲಿ ಕ್ಷಾರೀಯ ನೀರಿನ ಯಂತ್ರವಿದೆ, ಫ್ಲೋರೈಡ್ ಸೇರಿದಂತೆ ಎಲ್ಲ ವಿಷಗಳನ್ನೂ ತೆಗೆಯುತ್ತದೆ. ಈ ಗುಂಪಿನವರಿಗೆ ವಿಶೇಷ ರಿಯಾಯಿತಿ ಕೊಡುತ್ತೇವೆ.

ಎಂಜಿನಿಯರ್: ಒಳಹೋಗುವ ಮತ್ತು ಹೊರಬರುವ ನೀರಿನ ಫ್ಲೋರೈಡ್ ವರದಿಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯದಿಂದ ತನ್ನಿ. ಅಲ್ಲಿಯವರೆಗೆ ಇಲ್ಲಿ ವ್ಯಾಪಾರ ಬೇಡ.

ಸದಸ್ಯರು, ಕೋಲಾರ: ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರಿನಿಂದ ಕೆರೆಗಳು ತುಂಬಿದ ಮೇಲೆ ನಮ್ಮ ಕೊಳವೆಬಾವಿಗಳ ಫ್ಲೋರೈಡ್ ಇಳಿದಿದೆಯೇ?

ಸದಸ್ಯರು, ಗುಡಿಬಂಡೆ: ಇದೇ ನೀರು ಕುಡಿಯುವ ಹಸುವಿನ ಹಾಲಿನಲ್ಲಿ ಫ್ಲೋರೈಡ್ ಬರುತ್ತದೆಯೇ?

ಸದಸ್ಯರು, ಮುಂಡರಗಿ: ಕುದಿಸಿ ಆರಿಸಿದ ಮೇಲೆ ತಳದ ನೀರನ್ನು ಚೆಲ್ಲಿದರೆ?

ಎಂಜಿನಿಯರ್: ಮುಂಡರಗಿಯವರೇ, ಫ್ಲೋರೈಡ್ ತಳದಲ್ಲಿ ಕೂರುವುದಿಲ್ಲ. ಕುದಿಸುವುದರ ಬಗ್ಗೆ ಇದು ನನ್ನ ಕೊನೆಯ ಉತ್ತರ.

ಸದಸ್ಯರು, ಕೋಲಾರ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಸದಸ್ಯರು, ಬಾಗೇಪಲ್ಲಿ: ಸರ್ಕಾರಿ ಯೋಜನೆಯ ಬಗ್ಗೆ ಕೇಳಿದರೆ ತಜ್ಞರು ಮೌನ ವಹಿಸುತ್ತಾರೆ, ನುಗ್ಗೆಬೀಜದ ಮೇಲೆ ಮಾತ್ರ ಅವರ ಪೌರುಷ.

ಸದಸ್ಯರು, ಮಧುಗಿರಿ: ಸರ್, ನಮ್ಮ ಪಂಚಾಯಿತಿ ಒಂದು ಒಳ್ಳೆಯ ಕೆಲಸ ಮಾಡಿದೆ. ಆರ್‌ಓ ಘಟಕದಿಂದ ಹೊರಬರುವ ತ್ಯಾಜ್ಯ ನೀರನ್ನು ವ್ಯರ್ಥ ಮಾಡದೆ ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ಬಿಡುತ್ತಿದ್ದೇವೆ. ಕಚ್ಚಾ ನೀರಿನಲ್ಲಿ ಫ್ಲೋರೈಡ್ 3 ಇದೆ. ಬೇರೆ ಊರಿನವರೂ ಹೀಗೆ ಮಾಡಬಹುದಲ್ಲವೇ?

ಎಂಜಿನಿಯರ್: ಇಂದೇ ನಿಲ್ಲಿಸಿ. ಅರ್ಧ ನೀರು 0.3ರ ಶುದ್ಧ ನೀರಾಗಿ ಕ್ಯಾನಿಗೆ ಹೋದರೆ, ಉಳಿದರ್ಧದಲ್ಲಿ ಫ್ಲೋರೈಡ್ 5.7 ಆಗಿರುತ್ತದೆ. ನೀವು ಅದನ್ನು ಅದೇ ಬಾವಿಯ ಬಾಯಿಗೆ ಮರಳಿ ಸುರಿಯುತ್ತಿದ್ದೀರಿ. ನಿಮ್ಮ ಕಚ್ಚಾ ನೀರು ಮುಂದಿನ ದಿನಗಳಲ್ಲಿ 3ರಲ್ಲಿ ನಿಲ್ಲಲಾರದು, ಮೆಂಬ್ರೇನಿನ ಮೇಲಿನ ಹೊರೆಯೂ ಏರುತ್ತದೆ, ಘಟಕವಿಲ್ಲದ ಮನೆಗಳವರು ಕುಡಿಯುವುದೂ ಅದನ್ನೇ. ಆ ನೀರನ್ನು ಶೌಚಾಲಯಕ್ಕೆ ಮತ್ತು ನೆಲ ತೊಳೆಯಲು ಬಳಸಿ. ಉಳಿದದ್ದನ್ನು ತಳಕ್ಕೆ ಹಾಳೆ ಹಾಸಿದ ತೊಟ್ಟಿಯಲ್ಲಿ ಬಿಸಿಲಿಗೆ ಒಣಗಿಸಿ. ಇಂಗುಗುಂಡಿಗೆ ಚಾವಣಿಯ ಮಳೆನೀರನ್ನು ತಿರುಗಿಸಿ.

ಸದಸ್ಯರು, ಮಧುಗಿರಿ: ಗುಂಡಿ ತೆಗೆಸಿದ ಬಿಲ್ಲು ಆಗಲೇ ಪಾಸಾಗಿದೆ. ಈಗ ನಿಲ್ಲಿಸಿ ಎಂದರೆ ಸದಸ್ಯರು ಒಪ್ಪುವುದಿಲ್ಲ. ನೀವೇ ಬರೆದು ಕೊಡಿ.

ಎಂಜಿನಿಯರ್: ತ್ಯಾಜ್ಯ ನೀರಿನ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿ ಕಳುಹಿಸಿ, ಅದರ ಮೇಲೆ ಪಂಚಾಯಿತಿಗೆ ಬರೆದು ಕೊಡುತ್ತೇನೆ. ಅಲ್ಲಿಯವರೆಗೆ ಗುಂಡಿಗೆ ಹೋಗುವ ಪೈಪನ್ನು ಬೇರ್ಪಡಿಸಿಡಿ. ಅದಕ್ಕೆ ಯಾವ ಬಿಲ್ಲೂ ಬೇಕಿಲ್ಲ.